ಒಂದು ದೊಡ್ಡ ಲಾಕ್ ಒಡೆದು ಸಾವಿರ ಸಣ್ಣದು ಮಾಡುವಾಗ: ಲಿನಕ್ಸ್ ಮೆಮೊರಿಯೊಳಗೆ ಏನಾಯ್ತು?

2023ರ ಜೂನ್ 25ರಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ 6.4 ಆವೃತ್ತಿ ಹೊರಬಂತು. ಸ್ವಲ್ಪೇ ದಿನಗಳಲ್ಲಿ ವಿಚಿತ್ರ ದೂರುಗಳು ಶುರುವಾದವು. ಗೋ ಭಾಷೆಯ ಬಿಲ್ಡ್‌ಗಳು ಅರ್ಧಕ್ಕೇ ಕ್ರ್ಯಾಶ್ ಆಗುತ್ತಿದ್ದವು. ಹಲವು ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಒಟ್ಟಿಗೆ ಓಡುವ ಕೆಲಸದ ಎಳೆಗಳು) ಇಟ್ಟುಕೊಂಡು, ನಡುವೆ ಫೋರ್ಕ್ ಮಾಡುವ, ಅಂದರೆ ತಮ್ಮದೇ ಪ್ರತಿಯೊಂದನ್ನು ಹುಟ್ಟಿಸುವ ಪ್ರೋಗ್ರಾಂಗಳು ಒಮ್ಮೆ ಸರಿಯಾಗಿ ಓಡುತ್ತಿದ್ದವು, ಮತ್ತೊಮ್ಮೆ ಬೀಳುತ್ತಿದ್ದವು. ಆ ಪ್ರೋಗ್ರಾಂಗಳ ಕೋಡ್‌ನಲ್ಲಿ ತಪ್ಪಿರಲಿಲ್ಲ. ಮೆಮೊರಿಗೆ ಬರೆದದ್ದೇ ಕಾಣೆಯಾಗುತ್ತಿತ್ತು.

ಕಾರಣ ಕರ್ನಲ್‌ನ ಒಳಗಿತ್ತು. ಒಂದೇ ಡೇಟಾಗೆ ಇಬ್ಬರು ಒಟ್ಟಿಗೆ ಕೈಹಾಕದಂತೆ ತಡೆಯುವ ಬೀಗಕ್ಕೆ ಲಾಕ್ ಅನ್ನುತ್ತಾರೆ. ಒಂದು ಪ್ರೋಗ್ರಾಂನ ಇಡೀ ಮೆಮೊರಿಯನ್ನು ಕಾಯುತ್ತಿದ್ದ ಒಂದೇ ದೊಡ್ಡ ಲಾಕ್‌ನ ಕೆಲಸವನ್ನು ಆ ಆವೃತ್ತಿಯಲ್ಲಿ ಸಣ್ಣ ಸಣ್ಣ ಲಾಕ್‌ಗಳಿಗೆ ಹಂಚಲಾಗಿತ್ತು. ಹಂಚುವಾಗ, ದೊಡ್ಡ ಲಾಕ್ ಸದ್ದಿಲ್ಲದೆ ಮಾಡುತ್ತಿದ್ದ ಒಂದು ಕೆಲಸ ಕೈತಪ್ಪಿ ಹೋಗಿತ್ತು. ಆ ಕೆಲಸವನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

ಇದು ದೂರದ ದೊಡ್ಡ ಕಂಪನಿಗಳ ವಿಷಯ ಅಂತ ಬಿಟ್ಟುಬಿಡುವಂಥದ್ದಲ್ಲ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿ ಲಿನಕ್ಸ್ ಸರ್ವರ್ ಇದ್ದರೆ, ಅದು ಹೊಸದಾಗಿದ್ದರೆ, ಈ ಕೋಡ್ ಅಲ್ಲಿ ಓಡುತ್ತಿದೆ. ಕರ್ನಲ್ 6.6 ಅಥವಾ ಅದರ ನಂತರದ್ದು ಇರುವ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವ ಸಂಗತಿ ಇನ್ನೊಂದು. ಬೆಳಗಾವಿಯಲ್ಲಿ ವಿಟಿಯು ಇದೆ. ಬಾಗಲಕೋಟೆ, ವಿಜಯಪುರದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ ವರ್ಷ ನೂರಾರು ಮಕ್ಕಳು ಆಪರೇಟಿಂಗ್ ಸಿಸ್ಟಮ್ ಓದುತ್ತಾರೆ. ಸೆಮಾಫೋರ್, ಡೆಡ್‌ಲಾಕ್, ಊಟಕ್ಕೆ ಕೂತ ಐವರು ತತ್ವಜ್ಞಾನಿಗಳು, ಎಲ್ಲ ಬಾಯಿಪಾಠ. ಆದರೆ ಈಗಾಗಲೇ ಓಡುತ್ತಿರುವ, ಕೋಟ್ಯಂತರ ಜನ ನಂಬಿಕೊಂಡಿರುವ ಕೋಡ್‌ನಲ್ಲಿ ಲಾಕ್ ಬದಲಿಸುವುದು ಹೇಗೆ? ಆ ಪ್ರಶ್ನೆಯನ್ನು ಕ್ಲಾಸಿನಲ್ಲಿ ಯಾರೂ ಎತ್ತುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲು ಎದುರಾಗುವುದೇ ಅದು.

ವಿಷಯ ಅರ್ಥವಾಗಲು ನಮ್ಮ ಕಡೆಯ ಹೊಲದ ಲೆಕ್ಕ ಹಿಡಿಯೋಣ. ಒಂದು ಪ್ರೋಗ್ರಾಂಗೆ ಸಿಗುವ ಮೆಮೊರಿ ವಿಳಾಸಗಳನ್ನೆಲ್ಲ ಒಂದು ಊರಿನ ಸೀಮೆ ಅಂದುಕೊಳ್ಳಿ. ಅದರಲ್ಲಿ ಬೇರೆ ಬೇರೆ ಸರ್ವೆ ನಂಬರ್‌ಗಳಿವೆ. ಒಂದರಲ್ಲಿ ಪ್ರೋಗ್ರಾಂನ ಕೋಡ್ ಇದೆ, ಒಂದರಲ್ಲಿ ಸ್ಟ್ಯಾಕ್, ಇನ್ನೊಂದರಲ್ಲಿ ಹೀಪ್, ಮತ್ತೊಂದರಲ್ಲಿ ಯಾವುದೋ ಫೈಲ್. ಪ್ರತಿ ನಂಬರಿಗೂ ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಚಕಬಂದಿ ಇದೆ. ಓದಬಹುದಾ, ಬರೆಯಬಹುದಾ ಅನ್ನುವ ಹಕ್ಕು ಉತಾರದಲ್ಲಿ ದಾಖಲಾಗಿದೆ. ಲಿನಕ್ಸ್‌ನಲ್ಲಿ ಇಂಥ ಒಂದೊಂದು ತುಂಡಿಗೆ ವಿಎಂಎ ಅನ್ನುತ್ತಾರೆ. ಪ್ರೋಗ್ರಾಂ ಎಂಪ್ರೊಟೆಕ್ಟ್ ಕರೆದು ತುಂಡಿನ ಅರ್ಧ ಭಾಗದ ಹಕ್ಕು ಬದಲಿಸಿದರೆ ಪೋಡಿ ಆದ ಹಾಗೆ: ಒಂದು ವಿಎಂಎ ಎರಡಾಗುತ್ತದೆ. ಪಕ್ಕಪಕ್ಕದ ಎರಡಕ್ಕೆ ಒಂದೇ ಹಕ್ಕು ಬಂದರೆ ಮತ್ತೆ ಸೇರಿಕೊಳ್ಳುತ್ತವೆ. ಹಳೆಯ ವ್ಯವಸ್ಥೆಯಲ್ಲಿ ಇಡೀ ಊರಿಗೆ ಒಂದೇ ದಫ್ತರ. ಉತಾರ ನೋಡುವವರು ಎಷ್ಟು ಜನ ಬೇಕಾದರೂ ಒಟ್ಟಿಗೆ ನೋಡಬಹುದು. ತಿದ್ದುವವರು ಬಂದರೆ ಮಾತ್ರ ಎಲ್ಲರೂ ಹೊರಗೆ. ಊರಿನ ಆ ತುದಿಯ ಹೊಲದ ಪೋಡಿ ನಡೆದರೂ ಈ ತುದಿಯವರು ಕಾಯಬೇಕು.

ಆ ದಫ್ತರದ ಲಾಕ್‌ನ ಹೆಸರು ಎಂಮ್ಯಾಪ್ ಲಾಕ್. ಪ್ರೋಗ್ರಾಂ ಒಂದು ಪೇಜನ್ನು (ಕರ್ನಲ್ ಮೆಮೊರಿ ಹಂಚುವ ಸಣ್ಣ ಚೂರು) ಮೊದಲ ಸಲ ಮುಟ್ಟಿದಾಗ ಪೇಜ್ ಫಾಲ್ಟ್ ಆಗುತ್ತದೆ. ಆಗ ಕರ್ನಲ್ ಈ ಲಾಕನ್ನು ಓದುವ ರೀತಿಯಲ್ಲಿ ಹಿಡಿದು, ವಿಎಂಎ ಹುಡುಕಿ, ಪೇಜ್ ಒದಗಿಸುತ್ತದೆ. ಹೊಸ ತುಂಡು ಸೇರಿಸುವಾಗ, ತೆಗೆಯುವಾಗ ಬರೆಯುವ ರೀತಿಯಲ್ಲಿ ಹಿಡಿಯುತ್ತದೆ. ಕೇಳಲು ಸರಿಯಾಗೇ ಇದೆ, ಅಲ್ವಾ? ತೊಂದರೆ ಸಾಲಿನಲ್ಲಿದೆ. ಪ್ರೊಸೆಸ್‌ನ (ಓಡುತ್ತಿರುವ ಪ್ರೋಗ್ರಾಂನ) ಮ್ಯಾಪ್ಸ್ ಫೈಲ್, ಅಂದರೆ ಅದರ ವಿಎಂಎಗಳ ಪಟ್ಟಿ, ಓದುವ ಒಂದು ಮಾನಿಟರಿಂಗ್ ಟೂಲ್ ಓದುವ ಲಾಕ್ ಹಿಡಿದಿದೆ ಅನ್ನಿ. ಅದಕ್ಕೆ ಪ್ರಾಮುಖ್ಯ ಕಡಿಮೆ, ಸಿಪಿಯು ಸಿಗುವುದು ನಿಧಾನ. ಅಷ್ಟರಲ್ಲಿ ಒಂದು ಥ್ರೆಡ್ ಬರೆಯಲು ಬಂದು ಕಾಯುತ್ತದೆ. ಬರೆಯುವವರು ಕಾಯುತ್ತಿರುವಾಗ ಹೊಸದಾಗಿ ಬರುವ ಓದುಗರನ್ನೂ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಬರೆಯುವವರಿಗೆ ಸರದಿ ಬರುವುದೇ ಇಲ್ಲ. ಹೀಗೆ ಯಾವುದೋ ಮೂಲೆಯ ಒಂದು ಟೂಲ್‌ನಿಂದ ನೂರು ಥ್ರೆಡ್‌ಗಳ ಪೇಜ್ ಫಾಲ್ಟ್ ನಿಂತುಬಿಡುತ್ತದೆ. ಫೋನಿನಲ್ಲಿ ಆ್ಯಪ್ ತೆರೆಯುವಾಗ ಆಗುವುದೂ ಇದೇ ಜಾತಿಯ ತೊಂದರೆ. ಹತ್ತಾರು ಥ್ರೆಡ್‌ಗಳು ಒಟ್ಟಿಗೆ ಹುಟ್ಟುತ್ತವೆ, ಒಟ್ಟಿಗೆ ಮೆಮೊರಿ ಕೇಳುತ್ತವೆ. ಈ ಬದಲಾವಣೆಯನ್ನು ಮುಂದೆ ನಿಂತು ಮಾಡಿದ ಸುರೇನ್ ಬಗ್ದಸಾರಿಯನ್ ಗೂಗಲ್‌ನಲ್ಲಿ ಆಂಡ್ರಾಯ್ಡ್ ಕರ್ನಲ್ ಕೆಲಸ ಮಾಡುವವರು ಅನ್ನುವುದು ಕಾಕತಾಳೀಯ ಅಲ್ಲ.

ಲಿನಕ್ಸ್‌ಗೆ ಲಾಕ್ ಒಡೆಯುವ ಕೆಲಸ ಹೊಸದಲ್ಲ. 1996ರ 2.0 ಆವೃತ್ತಿಯಲ್ಲಿ ಇಡೀ ಕರ್ನಲ್‌ಗೆ ಒಂದೇ ಲಾಕ್ ಇತ್ತು. ಅದನ್ನು ಪೂರ್ತಿ ಕಿತ್ತುಹಾಕಲು 2011ರವರೆಗೆ ಹಿಡಿಯಿತು. ಮೆಮೊರಿಯ ಭಾಗದಲ್ಲಿ ಪೇಜ್ ಟೇಬಲ್‌ನ (ಯಾವ ವಿಳಾಸಕ್ಕೆ ಯಾವ ಪೇಜ್ ಅನ್ನುವ ಪಟ್ಟಿ) ಲಾಕನ್ನು 2006ರ ಜನವರಿಯಲ್ಲಿ ಬಂದ 2.6.15ರಲ್ಲೇ ಒಡೆದಿದ್ದರು. ಎಂಮ್ಯಾಪ್ ಲಾಕ್ ಮಾತ್ರ ಜಗ್ಗಲಿಲ್ಲ. ಲಾಕ್ ಹಿಡಿಯದೇ ಪೇಜ್ ಫಾಲ್ಟ್ ಮುಗಿಸಿ, ಕೊನೆಗೆ ಏನಾದರೂ ಬದಲಾಗಿದೆಯಾ ಎಂದು ನೋಡಿಕೊಳ್ಳುವ ಪ್ರಯತ್ನಗಳು ವರ್ಷಗಟ್ಟಲೆ ನಡೆದವು. ಪೀಟರ್ ಜೈಲ್‌ಸ್ಟ್ರಾ, ಲಾರೆಂಟ್ ಡುಫೋರ್, ಮಿಶೆಲ್ ಲೆಸ್ಪಿನಾಸ್ ಒಬ್ಬರ ನಂತರ ಒಬ್ಬರು ಅದಕ್ಕೆ ದುಡಿದರು. ಆ ಪ್ಯಾಚ್‌ಗಳು ಮುಖ್ಯ ಕರ್ನಲ್‌ಗೆ ಸೇರಲಿಲ್ಲ. ತುಂಬ ಜಟಿಲ ಅನ್ನುವುದೇ ದೊಡ್ಡ ತಕರಾರು. 2022ರಲ್ಲಿ ಮೆಮೊರಿ ಡೆವಲಪರ್‌ಗಳ ಸಭೆಯಲ್ಲಿ ಇದೇ ಚರ್ಚೆ ನಡೆದಾಗ ಸರಳವಾದ ದಾರಿಯೊಂದು ಹೊಳೆಯಿತು: ಪ್ರತಿ ವಿಎಂಎಗೂ ಅದರದೇ ಲಾಕ್ ಕೊಟ್ಟುಬಿಡೋಣ.

ಮಾತು ಸರಳ. ಆದರೆ ನನಗೆ ಇಡೀ ಕತೆಯಲ್ಲಿ ಹೆಚ್ಚು ಇಷ್ಟವಾಗುವುದು ಅದಕ್ಕೂ ಮೊದಲು ನಡೆದ, ಯಾರೂ ಹೊಗಳದ ತಯಾರಿ. ಮೊದಲು ಕರ್ನಲ್‌ನ ನೂರಾರು ಕಡೆ ಈ ಲಾಕನ್ನು ನೇರವಾಗಿ ಮುಟ್ಟುತ್ತಿದ್ದರು. 2020ರ 5.8ರಲ್ಲಿ ಅದೆಲ್ಲವನ್ನೂ ಕೆಲವೇ ಫಂಕ್ಷನ್‌ಗಳ ಹಿಂದೆ ತಂದರು. ಲಾಕ್ ಹಿಡಿಯಲು ಒಂದು, ಬಿಡಲು ಒಂದು, 'ಇಲ್ಲಿ ಲಾಕ್ ಹಿಡಿದಿರಲೇಬೇಕು' ಎಂದು ಪರೀಕ್ಷಿಸಲು ಒಂದು. ವೇಗ ಒಂದಿಷ್ಟೂ ಹೆಚ್ಚಲಿಲ್ಲ. ಆದರೆ ಯಾರು ಎಲ್ಲಿ ಏಕೆ ಹಿಡಿಯುತ್ತಾರೆ ಅನ್ನುವುದು ಕಣ್ಣಿಗೆ ಕಾಣುವಂತಾಯಿತು. 2022ರ ಡಿಸೆಂಬರ್‌ನಲ್ಲಿ ಬಂದ 6.1ರಲ್ಲಿ ವಿಎಂಎಗಳನ್ನು ಇಡುವ ಹಳೆಯ ಮರವನ್ನು (ಕವಲೊಡೆದ ಡೇಟಾ ರಚನೆ) ತೆಗೆದು ಮೇಪಲ್ ಟ್ರೀ ತಂದರು. ಲಿಯಾಮ್ ಹೌಲೆಟ್ ಮತ್ತು ಮ್ಯಾಥ್ಯೂ ವಿಲ್‌ಕಾಕ್ಸ್ ಅವರ ಕೆಲಸ ಅದು. ಲಾಕ್ ಇಲ್ಲದೆ, ಓದುವವರು ಮುಗಿಸುವವರೆಗೆ ಹಳೆಯ ಡೇಟಾ ಉಳಿಸಿಕೊಳ್ಳುವ ಆರ್‌ಸಿಯು ಅನ್ನುವ ಏರ್ಪಾಟಿನ ಕೆಳಗೆ ಹುಡುಕಲು ಅದರಲ್ಲಿ ಸಾಧ್ಯ. 6.3ರಲ್ಲಿ ವಿಎಂಎಯ ಹಕ್ಕಿನ ಫ್ಲ್ಯಾಗ್‌ಗಳನ್ನು ಬೇಕಾದ ಹಾಗೆ ಬದಲಿಸುವುದನ್ನು ನಿಲ್ಲಿಸಿ, ನಿಗದಿತ ಫಂಕ್ಷನ್ ಮೂಲಕವೇ ಬದಲಿಸಬೇಕು ಅಂತ ಮಾಡಿದರು. ಲಾಕ್ ಹಿಡಿಯುವುದನ್ನು ಆ ಫಂಕ್ಷನ್ ಒಳಗೇ ಸೇರಿಸಿದರೆ ಮರೆಯುವ ಮಾತಿಲ್ಲ. ಇಷ್ಟೆಲ್ಲ ಆದ ಮೇಲೆ 6.4ರಲ್ಲಿ ಹೊಸ ಲಾಕ್.

ಆ ಲಾಕ್ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಜಾಣತನ ಇರುವುದು ಅಲ್ಲೇ. ಬರೆಯುವವರು ಈಗಲೂ ಮೊದಲು ಹಳೆಯ ಎಂಮ್ಯಾಪ್ ಲಾಕನ್ನೇ ಹಿಡಿಯಬೇಕು. ಅದಾದ ಮೇಲೆ ತಾವು ತಿದ್ದುವ ವಿಎಂಎಗಳಿಗೆ ಗುರುತು ಹಾಕುತ್ತಾರೆ. ಗುರುತು ಅಂದರೆ ಒಂದು ಸಂಖ್ಯೆ. ಇಡೀ ಪ್ರೊಸೆಸ್‌ಗೆ ಒಂದು ಕ್ರಮಸಂಖ್ಯೆ ಇರುತ್ತದೆ. ಅದನ್ನೇ ವಿಎಂಎಯಲ್ಲೂ ಬರೆದರೆ ಆ ವಿಎಂಎ ಲಾಕ್ ಆಯಿತು ಎಂದರ್ಥ. ಕೆಲಸ ಮುಗಿಸಿ ಎಂಮ್ಯಾಪ್ ಲಾಕ್ ಬಿಡುವಾಗ ಪ್ರೊಸೆಸ್‌ನ ಸಂಖ್ಯೆ ಒಂದು ಹೆಚ್ಚುತ್ತದೆ. ಅಷ್ಟೇ. ಗುರುತು ಹಾಕಿದ ಎಲ್ಲ ವಿಎಂಎಗಳೂ ಒಂದೇ ಏಟಿಗೆ ಬಿಡುಗಡೆ. ಹತ್ತು ವಿಎಂಎ ಹಿಡಿದು ಒಂಬತ್ತನ್ನು ಬಿಟ್ಟು ಒಂದನ್ನು ಮರೆಯುವ ಅವಕಾಶವೇ ಇಲ್ಲ.

ಓದುವವರು, ಅಂದರೆ ಪೇಜ್ ಫಾಲ್ಟ್, ಮೇಪಲ್ ಟ್ರೀಯಲ್ಲಿ ವಿಎಂಎ ಹುಡುಕುತ್ತಾರೆ. ಅದರ ಲಾಕ್ ಹಿಡಿಯಲು ಒಮ್ಮೆ ಪ್ರಯತ್ನಿಸುತ್ತಾರೆ. ಸಿಕ್ಕಿದರೆ, ವಿಎಂಎ ಇನ್ನೂ ಮರದಲ್ಲೇ ಇದೆಯಾ, ತಮ್ಮ ವಿಳಾಸ ಇನ್ನೂ ಅದರ ಚಕಬಂದಿಯೊಳಗೇ ಇದೆಯಾ ಎಂದು ಮತ್ತೆ ನೋಡುತ್ತಾರೆ. ಏನೇ ಅನುಮಾನ ಬಂದರೂ ಕಾಯುವುದಿಲ್ಲ, ಹಳೆಯ ದಾರಿಗೆ ಮರಳಿ ಎಂಮ್ಯಾಪ್ ಲಾಕ್ ಹಿಡಿಯುತ್ತಾರೆ. ಇದರಿಂದ ಎರಡು ಲಾಭ. ಒಂದು, ಬರೆಯುವವರು ಯಾವಾಗಲೂ ಒಬ್ಬರೇ ಮತ್ತು ಓದುವವರು ಇಲ್ಲಿ ಕಾಯುವುದೇ ಇಲ್ಲ. ಹಾಗಾಗಿ ಸಾವಿರ ಲಾಕ್ ಬಂದರೂ, ಯಾವುದನ್ನು ಮೊದಲು ಹಿಡಿಯಬೇಕು ಅನ್ನುವ ಡೆಡ್‌ಲಾಕ್ ಚಿಂತೆ ಬರಲಿಲ್ಲ. ಎರಡು, ಹಳೆಯ ದಾರಿ ಹಾಗೇ ಉಳಿಯಿತು. ಕ್ರಮಸಂಖ್ಯೆ ಸುತ್ತು ಹೊಡೆದು ಆಕಸ್ಮಿಕವಾಗಿ ಹೊಂದಿಕೆಯಾದರೂ, ಓದುವವರು 'ಲಾಕ್ ಆಗಿದೆ' ಅಂದುಕೊಂಡು ನಿಧಾನದ ದಾರಿ ಹಿಡಿಯುತ್ತಾರೆ, ಅಷ್ಟೇ ನಷ್ಟ. ತಪ್ಪಾದರೆ ನಿಧಾನದ ಕಡೆಗೆ ತಪ್ಪಬೇಕು, ಡೇಟಾ ಕೆಡಿಸುವ ಕಡೆಗಲ್ಲ. ಈ ವಿನ್ಯಾಸದಲ್ಲಿ ನಾನು ಮೆಚ್ಚುವ ಮೊದಲ ಗುಣ ಅದು.

ಇಷ್ಟು ಎಚ್ಚರ ಇದ್ದೂ ಫೋರ್ಕ್‌ನಲ್ಲಿ ಎಡವಿದ್ದು ಹೇಗೆ?

ಫೋರ್ಕ್ ಆದಾಗ ಮಗುವಿಗೆ ಅಪ್ಪನ ಮೆಮೊರಿಯ ಪ್ರತಿ ಬೇಕು. ಎಲ್ಲವನ್ನೂ ನಕಲು ಮಾಡಿದರೆ ತಡವಾಗುತ್ತದೆ. ಅದಕ್ಕೆ ಇಬ್ಬರಿಗೂ ಒಂದೇ ಪೇಜ್ ತೋರಿಸಿ, ಬರೆಯುವ ಹಕ್ಕನ್ನು ಇಬ್ಬರಿಂದಲೂ ಕಿತ್ತುಕೊಳ್ಳುತ್ತಾರೆ. ಯಾರಾದರೂ ಬರೆಯಲು ಹೋದರೆ ಆಗ ನಕಲು. ಹಕ್ಕು ಕಿತ್ತುಕೊಂಡದ್ದು ಪೇಜ್ ಟೇಬಲ್‌ನಲ್ಲಿ. ಆದರೆ ಪ್ರತಿ ಸಿಪಿಯು ತನ್ನೊಳಗಿನ ಟಿಎಲ್‌ಬಿ ಅನ್ನುವ ಪುಟ್ಟ ನೆನಪಿನ ಜಾಗದಲ್ಲಿ ಹಳೆಯ ಹಕ್ಕನ್ನು ನೆನಪಿಟ್ಟುಕೊಂಡಿರುತ್ತದೆ. ಅದನ್ನು ಅಳಿಸುವ ಕೆಲಸ ದುಬಾರಿ. ಹಾಗಾಗಿ ಎಲ್ಲ ಪೇಜ್ ಮುಗಿದ ಮೇಲೆ ಕೊನೆಗೊಮ್ಮೆ ಅಳಿಸುತ್ತಾರೆ. ನಡುವಿನ ಆ ಹೊತ್ತಿನಲ್ಲಿ ಟೇಬಲ್ ಒಂದು ಹೇಳುತ್ತದೆ, ಸಿಪಿಯು ಇನ್ನೊಂದು ನಂಬಿರುತ್ತದೆ. ಮೊದಲು ಇದರಿಂದ ತೊಂದರೆ ಇರಲಿಲ್ಲ. ಫೋರ್ಕ್ ಉದ್ದಕ್ಕೂ ಎಂಮ್ಯಾಪ್ ಲಾಕನ್ನು ಬರೆಯುವ ರೀತಿಯಲ್ಲಿ ಹಿಡಿದಿರುತ್ತಿತ್ತು, ಬೇರೆ ಥ್ರೆಡ್‌ಗಳ ಪೇಜ್ ಫಾಲ್ಟ್ ಅಷ್ಟು ಹೊತ್ತು ನಿಂತಿರುತ್ತಿತ್ತು.

ಹೊಸ ಲಾಕ್ ಬಂದ ಮೇಲೆ ಪೇಜ್ ಫಾಲ್ಟ್‌ಗೆ ಎಂಮ್ಯಾಪ್ ಲಾಕ್ ಬೇಕಿಲ್ಲ. ಫೋರ್ಕ್ ಅಪ್ಪನ ವಿಎಂಎಗಳನ್ನು 'ತಿದ್ದುತ್ತಿಲ್ಲ', ಪ್ರತಿ ಮಾಡುತ್ತಿದೆ ಅಷ್ಟೇ, ಹಾಗಾಗಿ ಅವುಗಳಿಗೆ ಗುರುತು ಹಾಕಿರಲಿಲ್ಲ. ಒಂದು ಥ್ರೆಡ್ ಬರೆಯಲು ಹೋಯಿತು, ಫಾಲ್ಟ್ ಆಯಿತು, ಕರ್ನಲ್ ಪೇಜನ್ನು ನಕಲು ಮಾಡತೊಡಗಿತು. ಅದೇ ಹೊತ್ತಿಗೆ ಇನ್ನೊಂದು ಸಿಪಿಯುನಲ್ಲಿ ಮತ್ತೊಂದು ಥ್ರೆಡ್ ಹಳೆಯ ಹಕ್ಕಿನ ನೆನಪಿನಲ್ಲಿ ಹಳೆಯ ಪೇಜ್‌ಗೇ ಬರೆಯಿತು. ನಕಲಾದ ಹೊಸ ಪೇಜ್‌ನಲ್ಲಿ ಆ ಬರವಣಿಗೆ ಇಲ್ಲ. ಡೇಟಾ ಹೋಯಿತು.

ಇಲ್ಲಿ ಗಮನಿಸಿ. ಟಿಎಲ್‌ಬಿಯನ್ನು ತಡವಾಗಿ ಅಳಿಸಿದರೂ ನಡೆಯುತ್ತದೆ ಅನ್ನುವ ಧೈರ್ಯ ಎಂಮ್ಯಾಪ್ ಲಾಕ್ ಮೇಲೆ ನಿಂತಿತ್ತು. ಅದು ವಿಎಂಎಯ ಯಾವುದೇ ಫೀಲ್ಡ್‌ಗೆ ಸಂಬಂಧಿಸಿದ್ದಲ್ಲ. 'ಈ ಲಾಕ್ ಯಾವ ಡೇಟಾ ಕಾಯುತ್ತದೆ' ಎಂದು ಪಟ್ಟಿ ಮಾಡಿದ್ದರೂ ಸಿಗುತ್ತಿರಲಿಲ್ಲ. ಲಾಕ್ ಡೇಟಾವನ್ನಷ್ಟೇ ಕಾಯುವುದಿಲ್ಲ, ಹೊತ್ತನ್ನೂ ಕಾಯುತ್ತದೆ: ಇದು ನಡೆಯುವಾಗ ಅದು ನಡೆಯಬಾರದು ಅಂತ. ಲಾಕ್ ಒಡೆಯುವವರು ಮೊದಲು ಕೇಳಬೇಕಾದ್ದು ಈ ಪ್ರಶ್ನೆ ಅಂತ ನನ್ನ ಗಟ್ಟಿ ಅಭಿಪ್ರಾಯ: ಈ ಲಾಕ್ ಹಿಡಿದಾಗ ಬೇರೆ ಏನೇನು ನಿಲ್ಲುತ್ತದೆ, ಆ ನಿಲುಗಡೆಯನ್ನು ನಂಬಿಕೊಂಡವರು ಯಾರು?

ಪರಿಹಾರ ಚಿಕ್ಕದು. ಫೋರ್ಕ್ ಮಾಡುವಾಗ ಅಪ್ಪನ ಪ್ರತಿ ವಿಎಂಎಗೂ ಗುರುತು ಹಾಕುವುದು. ಸರಿಯಾಗುವವರೆಗೆ ಹೊಸ ಲಾಕನ್ನೇ ಆಫ್ ಮಾಡುವ ಪ್ಯಾಚ್ ಕೂಡ ಅದೇ ಹೊತ್ತಿಗೆ ಸಿದ್ಧವಾಗಿತ್ತು. ಇಡೀ ಬದಲಾವಣೆಯನ್ನು ಒಂದು ಕಾನ್ಫಿಗ್ ಆಯ್ಕೆಯ ಹಿಂದೆ ಇಟ್ಟಿದ್ದರಿಂದ ಮಾತ್ರ ಅದು ಸಾಧ್ಯವಾಯಿತು. ಪರಿಹಾರಕ್ಕೂ ಬೆಲೆ ಇತ್ತು. ಹತ್ತು ಸಾವಿರ ವಿಎಂಎ ಇಟ್ಟುಕೊಂಡು ಐದು ಸಾವಿರ ಸಲ ಫೋರ್ಕ್ ಮಾಡುವ ಪರೀಕ್ಷೆಯಲ್ಲಿ ಸುಮಾರು 5% ನಿಧಾನ ಕಂಡಿತು. ಕರ್ನಲ್ ಬಿಲ್ಡ್‌ನಂಥ ಸಾಮಾನ್ಯ ಕೆಲಸದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಅದೇ ವರ್ಷದ ಜುಲೈನಲ್ಲಿ ಇನ್ನೊಂದು ಸುದ್ದಿ ಹೊರಬಂತು. ರುಯಿಹಾನ್ ಲೀ ಕಂಡುಹಿಡಿದ ಸ್ಟ್ಯಾಕ್‌ರಾಟ್ ಎಂಬ ಭದ್ರತಾ ದೋಷ, ಅದರ ದಾಖಲೆ ಸಂಖ್ಯೆ ಸಿವಿಇ-2023-3269. ಇದು 6.1ರಿಂದ 6.4ರವರೆಗಿನ ಕರ್ನಲ್‌ಗಳಲ್ಲಿತ್ತು, ಅಂದರೆ ಮೇಪಲ್ ಟ್ರೀ ಜೊತೆ ಬಂದದ್ದು. ಸ್ಟ್ಯಾಕ್ ತಾನಾಗಿ ಬೆಳೆಯುವಾಗ ಕರ್ನಲ್ ಮೊದಲಿಂದಲೂ ಎಂಮ್ಯಾಪ್ ಲಾಕನ್ನು ಓದುವ ರೀತಿಯಲ್ಲಷ್ಟೇ ಹಿಡಿಯುತ್ತಿತ್ತು. ಬದಲಿಸುತ್ತಿದ್ದದ್ದು ವಿಎಂಎಯ ಗಡಿ. ಹಳೆಯ ಮರದಲ್ಲಿ ಗಡಿ ವಿಎಂಎಯ ಒಳಗೇ ಇತ್ತು, ಅಲ್ಲೇ ತಿದ್ದಿದರೆ ಆಗುತ್ತಿತ್ತು. ಮೇಪಲ್ ಟ್ರೀಯಲ್ಲಿ ಗಡಿಗಳು ಮರದ ನೋಡ್‌ಗಳಲ್ಲೂ ಇವೆ. ಹಾಗಾಗಿ ಸ್ಟ್ಯಾಕ್ ಬೆಳೆದರೆ ನೋಡ್ ಬದಲಿಸಿ ಹಳೆಯದನ್ನು ಬಿಸಾಡಬೇಕಾಗಬಹುದು. ಅದೇ ಹೊತ್ತಿಗೆ ಓದುವ ಲಾಕ್ ಹಿಡಿದ ಇನ್ನೊಬ್ಬರು ಆ ಹಳೆಯ ನೋಡ್‌ನಲ್ಲೇ ನಿಂತಿರಬಹುದು. ಲಿನಸ್ ಟೊರ್ವಾಲ್ಡ್ಸ್ ಅವರೇ ಮುಂದೆ ನಿಂತು ಸರಿಪಡಿಸಿದರು: ಸ್ಟ್ಯಾಕ್ ಬೆಳೆಸಲು ಇನ್ನು ಬರೆಯುವ ಲಾಕೇ ಬೇಕು. 'ಓದುವ ಲಾಕ್ ಹಿಡಿದು ಬರೆಯಬಹುದು' ಅನ್ನುವ ಹಳೆಯ ವಿನಾಯಿತಿ ವರ್ಷಗಟ್ಟಲೆ ಕೆಲಸ ಮಾಡಿತ್ತು. ಲಾಕ್ ಬದಲಾಗಿರಲಿಲ್ಲ, ಅದರ ಕೆಳಗಿನ ಡೇಟಾ ರಚನೆ ಬದಲಾಗಿತ್ತು.

ಇನ್ನೂ ಸೂಕ್ಷ್ಮದ ತಪ್ಪುಗಳನ್ನು ಭದ್ರತಾ ಸಂಶೋಧಕ ಜಾನ್ ಹಾರ್ನ್ ಹುಡುಕಿದರು. ಅದರಲ್ಲಿ ಒಂದು, ಪ್ರೊಸೆಸ್‌ನ ಮತ್ತು ವಿಎಂಎಯ ಆ ಎರಡು ಕ್ರಮಸಂಖ್ಯೆಗಳನ್ನು ಓದುವ, ಬರೆಯುವ ಅನುಕ್ರಮದ್ದು. ಕಾಗದದ ಮೇಲೆ ಕೋಡ್ ಸರಿ ಇದ್ದರೂ, ಸಿಪಿಯು ಮತ್ತು ಕಂಪೈಲರ್ ಅನುಕ್ರಮ ಬದಲಿಸಬಹುದು. ಮಾಮೂಲಿ ಲಾಕ್ ಆ ಕಾಳಜಿಯನ್ನು ತಾನೇ ವಹಿಸುತ್ತದೆ. ನಾವೇ ಸಂಖ್ಯೆ ಇಟ್ಟುಕೊಂಡು ಲಾಕ್ ಕಟ್ಟಿದರೆ ಆ ಹೊಣೆ ನಮ್ಮ ಮೇಲೆ ಬೀಳುತ್ತದೆ.

ಆಮೇಲಿನ ದಾರಿ ಹಂತ ಹಂತವಾಗಿ ಸಾಗಿದೆ. 6.4ರಲ್ಲಿ ಫೈಲ್‌ಗೆ ಸಂಬಂಧವಿಲ್ಲದ ಮೆಮೊರಿಯ ಫಾಲ್ಟ್‌ಗಳಿಗೆ ಮಾತ್ರ ಹೊಸ ದಾರಿ ಇತ್ತು. ಸ್ವಾಪ್ (ಡಿಸ್ಕ್‌ಗೆ ಎತ್ತಿಟ್ಟ ಮೆಮೊರಿ), ಫೈಲ್ ಮೆಮೊರಿಯೆಲ್ಲ ನಂತರದ ಆವೃತ್ತಿಗಳಲ್ಲಿ ಒಂದೊಂದಾಗಿ ಸೇರಿದವು. ಮೊದಲಿಗೆ ಪ್ರತಿ ವಿಎಂಎಯ ಲಾಕ್ 40 ಬೈಟ್ ತಿನ್ನುತ್ತಿತ್ತು. ವಿಎಂಎ ಒಳಗೇ ಇಟ್ಟರೆ ಪಕ್ಕದ ಫೀಲ್ಡ್‌ಗಳ ಜೊತೆ ಕ್ಯಾಶ್ ಲೈನ್ (ಸಿಪಿಯು ಒಂದೇ ಸಲಕ್ಕೆ ತರುವ ಮೆಮೊರಿ ಚೂರು) ಹಂಚಿಕೊಂಡು ವೇಗ ಇಳಿಯುತ್ತಿತ್ತು, ಅದಕ್ಕೆ ಹೊರಗೆ ಬೇರೆಯಾಗಿ ಇಟ್ಟಿದ್ದರು. 2025ರ ಮೇನಲ್ಲಿ ಬಂದ 6.15ರಲ್ಲಿ ಅದರ ಜಾಗಕ್ಕೆ ಒಂದು ಪುಟ್ಟ ಎಣಿಕೆ ಬಂತು, ಮತ್ತೆ ವಿಎಂಎ ಒಳಗೇ ಕೂತಿತು. ಆ ಬದಲಾವಣೆಯಲ್ಲೂ, ಬಿಟ್ಟ ಮೇಲೆ ಮೆಮೊರಿ ಮುಟ್ಟುವ ದೋಷವೊಂದು ಅದೇ ವರ್ಷ ಸಿಕ್ಕಿ ಸರಿಯಾಯಿತು. ಮಾನಿಟರಿಂಗ್ ಟೂಲ್ ಮ್ಯಾಪ್ಸ್ ಫೈಲ್ ಓದುವಾಗಲೂ ಎಂಮ್ಯಾಪ್ ಲಾಕ್ ಬೇಡ ಅನ್ನುವ ಕೆಲಸ ಸೇರಿದ್ದು 2025ರಲ್ಲೇ.

ಹಾಗಾದರೆ ಲಾಕ್ ಸಣ್ಣದಾದಷ್ಟೂ ಒಳ್ಳೆಯದಾ? ಇಲ್ಲ ಅನ್ನುತ್ತೇನೆ. ಥ್ರೆಡ್ ಒಂದೋ ಎರಡೋ ಇರುವ ಪ್ರೋಗ್ರಾಂಗೆ ಸಣ್ಣ ಲಾಕ್‌ಗಳಿಂದ ಸಿಗುವುದು ಏನೂ ಇಲ್ಲ, ಮೆಮೊರಿ ಮತ್ತು ತಲೆನೋವು ಎರಡೂ ಜಾಸ್ತಿ. ನಮ್ಮ ಕಡೆ ಸಣ್ಣ ಕಂಪನಿಗಳಲ್ಲಿ ಸರ್ವರ್ ಕೋಡ್ ಬರೆಯುವ ಹುಡುಗ ಹುಡುಗಿಯರು, ನಿಧಾನ ಕಂಡ ಕೂಡಲೇ ಲಾಕ್ ಒಡೆಯಲು ಹೊರಡುತ್ತಾರೆ. ಮೊದಲು ಪರ್ಫ್‌ನಂಥ ಟೂಲ್ ಹಿಡಿದು, ಯಾರು ಯಾರಿಗಾಗಿ ಎಷ್ಟು ಹೊತ್ತು ಕಾಯುತ್ತಿದ್ದಾರೆ ಅಂತ ಅಳೆಯಬೇಕು. ಎಷ್ಟೋ ಸಲ ಲಾಕ್ ಹಿಡಿದುಕೊಂಡೇ ಡಿಸ್ಕ್‌ಗೆ ಬರೆಯುವ ಒಂದು ಸಾಲು ಸಿಗುತ್ತದೆ. ಅದನ್ನು ಹೊರಗೆ ತಂದರೆ ಸಾಕು.

ಒಡೆಯಲೇಬೇಕಾದರೆ ಟೂಲ್‌ಗಳ ಮಿತಿ ತಿಳಿದಿರಬೇಕು. 2006ರಿಂದ ಕರ್ನಲ್‌ನಲ್ಲಿರುವ ಲಾಕ್‌ಡೆಪ್, ಲಾಕ್‌ಗಳನ್ನು ಹಿಡಿಯುವ ಅನುಕ್ರಮ ತಪ್ಪಿದರೆ ಹೇಳುತ್ತದೆ. ಹಿಡಿಯಲೇ ಬೇಕಿದ್ದ ಲಾಕ್ ಹಿಡಿಯದಿದ್ದರೆ ತಾನಾಗಿ ಹೇಳುವುದಿಲ್ಲ, ಅದಕ್ಕೆ ನಾವೇ ಅಸರ್ಟ್, ಅಂದರೆ ಪರೀಕ್ಷಿಸುವ ಸಾಲು, ಬರೆಯಬೇಕು. 2020ರಲ್ಲಿ ಬಂದ ಕೆಸಿಸ್ಯಾನ್, ಇಬ್ಬರು ಒಂದೇ ಡೇಟಾವನ್ನು ಲಾಕ್ ಇಲ್ಲದೆ ಮುಟ್ಟಿದರೆ ಹಿಡಿಯುತ್ತದೆ. ಫೋರ್ಕ್‌ನ ತಪ್ಪು ಇವು ಯಾವುದರ ಬಲೆಗೂ ಬೀಳುವ ಜಾತಿಯದ್ದಲ್ಲ. ಕೆಟ್ಟದ್ದು ಕರ್ನಲ್‌ನ ಡೇಟಾ ಅಲ್ಲ, ಬಳಕೆದಾರರ ಪೇಜ್. ಕೆಡಿಸಿದ್ದು ಸಿಪಿಯುನ ನೆನಪು. ಅಂಥದ್ದನ್ನು ಹಿಡಿಯಲು ಬಳಕೆದಾರರ ಕಡೆಯಿಂದಲೇ ಹಲವು ಥ್ರೆಡ್, ಫೋರ್ಕ್, ಬರವಣಿಗೆ ಎಲ್ಲ ಒಟ್ಟಿಗೆ ನಡೆಸುವ ಪರೀಕ್ಷೆ ಬೇಕು.

ಅಂಥ ಪರೀಕ್ಷೆ ಬರೆಯಲು ದೊಡ್ಡ ಲ್ಯಾಬ್ ಬೇಕಿಲ್ಲ. ವಿಜಯಪುರದ ಹಾಸ್ಟೆಲ್ ಕೋಣೆಯ ನಾಲ್ಕು ಕೋರ್‌ನ ಲ್ಯಾಪ್‌ಟಾಪ್‌ನಲ್ಲಿ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಕ್ಯೂಎಂಯು ಹಾಕಿ, ಹೊಸ ಕರ್ನಲ್ ಬಿಲ್ಡ್ ಮಾಡಿ ಓಡಿಸಬಹುದು. ವಿಎಂಎ ಲಾಕ್‌ನ ಅಂಕಿಅಂಶದ ಕಾನ್ಫಿಗ್ ಆನ್ ಮಾಡಿದರೆ ವಿಎಂಸ್ಟ್ಯಾಟ್ ಫೈಲ್‌ನಲ್ಲಿ ನಾಲ್ಕು ಎಣಿಕೆಗಳು ಕಾಣುತ್ತವೆ: ಸಕ್ಸೆಸ್, ಅಬಾರ್ಟ್, ರಿಟ್ರೈ, ಮಿಸ್. ಎಷ್ಟು ಫಾಲ್ಟ್‌ಗಳು ಹೊಸ ದಾರಿಯಲ್ಲೇ ಮುಗಿದವು, ಎಷ್ಟು ಹಳೆಯ ದಾರಿಗೆ ಮರಳಿದವು ಅಂತ ಅಲ್ಲೇ ಗೊತ್ತಾಗುತ್ತದೆ. ಒಂದು ಥ್ರೆಡ್‌ನಲ್ಲಿ ಎಂಮ್ಯಾಪ್, ಮನ್‌ಮ್ಯಾಪ್ (ಮೆಮೊರಿಯ ತುಂಡು ಸೇರಿಸುವ, ತೆಗೆಯುವ ಕರೆಗಳು) ಬಿಡದೆ ಕರೆಯುತ್ತ, ಉಳಿದವುಗಳಲ್ಲಿ ಹೊಸ ಪೇಜ್ ಮುಟ್ಟುತ್ತ ಹೋಗಿ. ನಡುವೆ ಫೋರ್ಕ್ ಸೇರಿಸಿ. ಆ ನಾಲ್ಕು ಸಂಖ್ಯೆಗಳು ಹೇಗೆ ಏರುತ್ತವೆ ಅಂತ ನೋಡಿ, ಆಮೇಲೆ 6.4ರ ಮೊದಲ ಬಿಡುಗಡೆಯಲ್ಲೂ ಅದೇ ಪ್ರೋಗ್ರಾಂ ಓಡಿಸಿ. ಆಪರೇಟಿಂಗ್ ಸಿಸ್ಟಮ್ ಲ್ಯಾಬ್‌ನಲ್ಲಿ ಒಂದು ವಾರ ಇದಕ್ಕೆ ಕೊಡಿ ಎಂದು ನಮ್ಮ ಮೂರೂ ಜಿಲ್ಲೆಗಳ ಮೇಷ್ಟ್ರುಗಳನ್ನು ಕೇಳಿಕೊಳ್ಳುತ್ತೇನೆ.